ಗದ್ದೆಯಲ್ಲಿ ಮೂರು ಗೊರಬು: ಒಂದು ತೈಲಚಿತ್ರ ಮಾಡಿದ ಬಗೆ

ಸುರಿಯುವ ಮಳೆಯಲ್ಲಿ ಗೊರಬು ಹೊದ್ದು ಗದ್ದೆಯಲ್ಲಿ ಬಗ್ಗಿರುವವರನ್ನು ದೂರದಿಂದ ನೋಡಿದರೆ ಮನುಷ್ಯರು ಅಂತ ತಕ್ಷಣ ಹೊಳೆಯುವುದಿಲ್ಲ. ಬಿದಿರಿನ ಸೀಳಿನ ಹಂದರಕ್ಕೆ ಎಲೆ ಹೊದಿಸಿ ಮಾಡುವ ಈ ಮಳೆಗವಸು ತಲೆಯಿಂದ ಸೊಂಟದವರೆಗೂ ಮುಚ್ಚುತ್ತದೆ. ನೆಟ್ಟಿ (ಭತ್ತದ ಸಸಿ ನೆಡುವ ಕೆಲಸ) ಮಾಡುವಾಗ ಎರಡೂ ಕೈ ಖಾಲಿ ಇರಬೇಕು, ಕೊಡೆ ಹಿಡಿಯಲಾಗದು, ಬೆನ್ನಿಗೆ ಮಳೆ ಹೊಡೆಯಬಾರದು. ಅದಕ್ಕೆಂದೇ ಮಲೆನಾಡು, ಕರಾವಳಿಯಲ್ಲಿ ಬಳಕೆಗೆ ಬಂದದ್ದು. ಈಗ ಹೆಚ್ಚಿನ ಕಡೆ ಪ್ಲಾಸ್ಟಿಕ್ ಕೊಪ್ಪೆ ಬಂದು ಗೊರಬು ಅಟ್ಟ ಸೇರಿದೆ. ಅದನ್ನು ಹೊದ್ದವರ ತಲೆ, ಭುಜ, ಕೈ ಏನೂ ಹೊರಗೆ ಕಾಣುವುದಿಲ್ಲ. ಉಳಿಯುವುದು ಉಬ್ಬಿದ ಒಂದು ಬೆನ್ನು, ಅದರ ಕೆಳಗೆ ನೀರು. ಕವುಚಿಟ್ಟ ದೋಣಿಯೂ ಇರಬಹುದು, ಬಂಡೆಯೂ ಇರಬಹುದು, ಆಮೆಯೂ ಇರಬಹುದು.

ಈ ಅನುಮಾನವನ್ನೇ ಎಣ್ಣೆಬಣ್ಣದಲ್ಲಿ ಹಿಡಿಯಬೇಕು ಅಂತ ಕೆಲಸ ಶುರು ಮಾಡಿದೆ. ನೋಡುವವರಿಗೆ ಮೊದಲು ಒಂದು ಕಾಣಬೇಕು, ಸ್ವಲ್ಪ ಹೊತ್ತಿಗೆ ಇನ್ನೊಂದು ಕಾಣಬೇಕು, ಆಮೇಲೆ ಎರಡರಲ್ಲಿ ಯಾವುದನ್ನೂ ಪೂರ್ತಿ ಬಿಡಲಾಗದೆ ಅಲ್ಲೇ ನಿಲ್ಲಬೇಕು. ಎಲ್ಲವನ್ನೂ ಮಸುಕಾಗಿ ಬಳಿದರೆ ಇದು ತಾನಾಗಿ ಆಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಪೂರ್ತಿ ಮಸುಕಾದ ಚಿತ್ರದ ಮುಂದೆ ಯಾರೂ ನಿಲ್ಲುವುದಿಲ್ಲ, ‘ಚೆನ್ನಾಗಿದೆ’ ಅಂದು ಮುಂದಕ್ಕೆ ಹೋಗುತ್ತಾರೆ. ಅನುಮಾನ ಹುಟ್ಟಬೇಕಾದರೆ ಚಿತ್ರದಲ್ಲಿ ಕೆಲವು ವಿಷಯಗಳು ಗಟ್ಟಿಯಾಗಿ, ಎದುರು ಮಾತಿಲ್ಲದಂತೆ ಇರಬೇಕು: ಬೆಳಕು ಯಾವ ಕಡೆಯಿಂದ ಬರುತ್ತಿದೆ, ನೀರು ಎಷ್ಟಿದೆ, ವಸ್ತುವಿನ ಭಾರ ಎಲ್ಲಿ ಕೂತಿದೆ. ಇವು ಸರಿಯಾಗಿದ್ದರೆ ಮಾತ್ರ ‘ಇದೇನು?’ ಎಂಬ ಪ್ರಶ್ನೆಗೆ ಬೆಲೆ ಬರುತ್ತದೆ. ಈ ಕ್ಯಾನ್ವಾಸಿನಲ್ಲಿ ಅದನ್ನು ಹೇಗೆ ಸಾಧಿಸಿದೆ ಅನ್ನುವುದನ್ನು, ಇದೇ ಥರದ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾದೀತು ಅಂತ, ಹಂತಹಂತವಾಗಿ ಬರೆದಿಡುತ್ತಿದ್ದೇನೆ.

ಚೌಕಟ್ಟು, ಬಟ್ಟೆ

ಅಳತೆ ನಾಲ್ಕು ಅಡಿ ಅಗಲ, ಮೂರು ಅಡಿ ಎತ್ತರ. ಇಷ್ಟು ದೊಡ್ಡದಾದರೆ ಗೊರಬಿನ ಉಬ್ಬನ್ನು ಮಣಿಕಟ್ಟಿನಿಂದ ಎಳೆಯುವ ಬದಲು ಭುಜದಿಂದ ಎಳೆಯಬಹುದು. ಆ ಗೆರೆಯ ಗತಿಯೇ ಬೇರೆ. ಸಾಗುವಾನಿ ರೀಪಿನಲ್ಲಿ ಸ್ಟ್ರೆಚರ್ (ಬಟ್ಟೆ ಬಿಗಿಯುವ ಚೌಕಟ್ಟು) ಮಾಡಿಸಿದೆ. ಆಚಾರಿಗೆ ಹೇಳಲೇಬೇಕಾದ ಮಾತು ಒಂದಿದೆ: ರೀಪಿನ ಮುಂಬದಿಯನ್ನು ಒಳಕ್ಕೆ ಇಳಿಜಾರಾಗಿ ಕೀಸಬೇಕು. ಇಲ್ಲದಿದ್ದರೆ ಬಟ್ಟೆ ಮರಕ್ಕೆ ತಾಗಿ, ಬಣ್ಣ ಒತ್ತಿ ಬಳಿದ ಕಡೆಯೆಲ್ಲ ರೀಪಿನ ಅಂಚು ಗೆರೆಯಾಗಿ ಮೂಡುತ್ತದೆ. ಮೂಲೆಗಳಿಗೆ ಬೆಣೆ ಹೊಡೆಯಲು ಸಂದು ಬಿಡಿಸಿದ್ದೇನೆ. ಮಳೆಗಾಲದಲ್ಲಿ ಒಂದು ಬಿಗಿ, ಬೇಸಿಗೆಯಲ್ಲಿ ಇನ್ನೊಂದು ಬಿಗಿ ಆಗುವ ನಮ್ಮ ಕಡೆ ಬೆಣೆಯಿಲ್ಲದ ಚೌಕಟ್ಟು ನಂಬಿಕೆಗೆ ಯೋಗ್ಯವಲ್ಲ.

ಬಟ್ಟೆ ದಪ್ಪ ಹತ್ತಿಯದು. ನಾಲ್ಕೂ ಬದಿಯ ನಡುವಿನಿಂದ ಶುರು ಮಾಡಿ ಮೂಲೆಯ ಕಡೆಗೆ ಸ್ಟೇಪಲ್ ಹೊಡೆದೆ. ಹಳೆಯ ಕ್ರಮದಲ್ಲಿ ಬಟ್ಟೆಗೆ ಮೊದಲು ಪ್ರಾಣಿಜನ್ಯ ಅಂಟು ಸವರುತ್ತಿದ್ದರು. ಆ ಅಂಟು ತೇವ ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ, ಮಲೆನಾಡಿನ ಹವೆಗೆ ಹೊಂದುವುದಿಲ್ಲ. ಬಣ್ಣಕ್ಕೆ ಮೊದಲು ಬಳಿಯುವ ಬಿಳಿ ಪ್ರೈಮರ್ ಆದ ಆಕ್ರಿಲಿಕ್ ಜೆಸ್ಸೋವನ್ನು ಅಡ್ಡ ಒಂದು ಕೋಟು, ಉದ್ದ ಒಂದು ಕೋಟು, ನಡುವೆ ಮರಳು ಕಾಗದ ಉಜ್ಜಿ ಹಚ್ಚಿದೆ. ಪ್ರೈಮರ್ ಇಲ್ಲದ ಬಟ್ಟೆಗೆ ನೇರವಾಗಿ ಎಣ್ಣೆಬಣ್ಣ ಹಾಕಿದರೆ ಅಗಸೆ ಎಣ್ಣೆ ನೂಲನ್ನೇ ತಿನ್ನುತ್ತ ಹೋಗುತ್ತದೆ. ಕೊನೆಯ ಕೋಟಿಗೆ ಸ್ವಲ್ಪ ಬೂದು ಬೆರೆಸಿದೆ. ಬಿಳಿ ನೆಲದ ಮೇಲೆ ಏನಿಟ್ಟರೂ ಕತ್ತರಿಸಿ ಅಂಟಿಸಿದಂತೆ ಕಾಣುತ್ತದೆ. ಬೂದು ನೆಲದ ಮೇಲೆ ಬಣ್ಣ ನಿಧಾನವಾಗಿ ಮೇಲೇಳುತ್ತದೆ.

ಕಂದು ತಳ

ಮೊದಲ ಪದರ ಪೂರ್ತಿ ರಾ ಅಂಬರ್ ಎಂಬ ಮಣ್ಣಿನ ಕಂದು, ಟರ್ಪೆಂಟೈನಿನಲ್ಲಿ ನೀರಾಗಿಸಿದ್ದು. ಅಂಬರಿನಲ್ಲಿ ಮ್ಯಾಂಗನೀಸ್ ಇರುವುದರಿಂದ ಅದು ಬೇಗ ಒಣಗುತ್ತದೆ. ಎಣ್ಣೆಬಣ್ಣ ನೀರು ಆರಿದ ಹಾಗೆ ಆರುವುದಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುವುದು. ಮ್ಯಾಂಗನೀಸ್ ಆ ಕ್ರಿಯೆಗೆ ವೇಗ ಕೊಡುತ್ತದೆ. ಆಷಾಢದ ತಂಪಿಗೆ, ಮಬ್ಬು ಬೆಳಕಿಗೆ ಬೇರೆ ಬಣ್ಣಗಳು ದಿನಗಟ್ಟಲೆ ಅಂಟಂಟಾಗಿಯೇ ಇರುವಾಗ ಅಂಬರ್ ಮಾತ್ರ ಕೆಲಸ ಮುಂದಕ್ಕೆ ಬಿಡುತ್ತದೆ. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬ ನಿಯಮವನ್ನು ಇಲ್ಲಿಂದಲೇ ಪಾಲಿಸಬೇಕು. ಮೇಲಿನ ಪದರ ಬೇಗ ಗಟ್ಟಿಯಾಗಿ ಕೆಳಗಿನದು ಇನ್ನೂ ಅಲುಗಾಡುತ್ತಿದ್ದರೆ ಬಿರುಕು ಖಂಡಿತ.

ಇಡೀ ಕ್ಯಾನ್ವಾಸಿಗೆ ಕಂದು ಬಳಿದು, ಬೆಳಕು ಬೇಕಾದ ಕಡೆ ಹಳೇ ಪಂಚೆಯ ಚೂರಿನಿಂದ ಒರೆಸಿ ತೆಗೆದೆ. ಗೆರೆ ಹಾಕಲೇ ಇಲ್ಲ. ಗೆರೆ ಹಾಕಿದರೆ ಕೈ ಅದನ್ನೇ ತುಂಬಲು ಹೊರಡುತ್ತದೆ, ಏನು ಬರೆಯುತ್ತಿದ್ದೇನೆ ಎಂಬ ತೀರ್ಮಾನ ಮೊದಲೇ ಆಗಿಬಿಡುತ್ತದೆ. ಒರೆಸುತ್ತ ಹೋದರೆ ಮೊದಲು ನೀರು ಕಾಣುತ್ತದೆ, ಒರೆಸದೆ ಬಿಟ್ಟದ್ದು ಆಕೃತಿಯಾಗುತ್ತದೆ. (ಎಣ್ಣೆ ಮೆತ್ತಿದ ಆ ಬಟ್ಟೆಚೂರುಗಳನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿ ಹುಟ್ಟಿ ತಾನಾಗಿ ಹೊತ್ತಿಕೊಳ್ಳುವುದುಂಟು. ಬಿಡಿಸಿ ಒಣಹಾಕಿ, ಇಲ್ಲವೇ ಮುಚ್ಚಳವಿರುವ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಿ.)

ಗೋಡೆಯ ಕಲೆಗಳನ್ನು ನೋಡುತ್ತ ಕೂತರೆ ಬೆಟ್ಟ, ನದಿ, ಯುದ್ಧ, ಮುಖ ಎಲ್ಲ ಕಾಣುತ್ತದೆ, ಅದರಿಂದ ಕಲ್ಪನೆ ಚಿಗುರುತ್ತದೆ ಎಂದು ಇಟಲಿಯ ಲಿಯೊನಾರ್ಡೊ ಡ ವಿಂಚಿ ಚಿತ್ರಕಾರರಿಗೆ ಹೇಳಿದ್ದು ಪ್ರಸಿದ್ಧ. ಅದರ ಜೊತೆಗೇ ಅವನು ಹೇಳಿದ ಇನ್ನೊಂದು ಮಾತನ್ನು ಯಾರೂ ಹೆಚ್ಚು ನೆನೆಯುವುದಿಲ್ಲ: ಆ ಕಲೆಗಳು ಹೊಸದನ್ನು ಹೊಳೆಯಿಸುತ್ತವೆ, ಆದರೆ ಯಾವ ಒಂದು ಭಾಗವನ್ನೂ ಮುಗಿಸುವುದನ್ನು ಕಲಿಸುವುದಿಲ್ಲ. ಬಣ್ಣದ ಸ್ಪಂಜನ್ನು ಗೋಡೆಗೆ ಎಸೆದರೆ ಭೂದೃಶ್ಯ ಸಿಗುತ್ತದೆ ಎಂದ, ತನ್ನ ಕಾಲದ ಚಿತ್ರಕಾರ ಬೊಟಿಚೆಲ್ಲಿಯ ಭೂದೃಶ್ಯಗಳು ಬಡವಾಗಿದ್ದವು ಅಂತಲೂ ಅವನು ದೂರಿದ್ದಾನೆ. ಕಂದು ತಳ ಮುಗಿದಾಗ ನನ್ನ ಕ್ಯಾನ್ವಾಸ್ ಇದ್ದದ್ದು ಆ ಗೋಡೆಯ ಸ್ಥಿತಿಯಲ್ಲಿ. ನೋಡಿದವರಿಗೆ ಏನು ಬೇಕಾದರೂ ಕಾಣುತ್ತಿತ್ತು, ಯಾವುದೂ ಹಿಡಿದು ನಿಲ್ಲಿಸುತ್ತಿರಲಿಲ್ಲ. ನಿಜವಾದ ಕೆಲಸ ಅಲ್ಲಿಂದ ಮುಂದೆ.

ಕಾಲುಗಳ ಪ್ರಶ್ನೆ

ಉಬ್ಬಿನ ಕೆಳಗೆ ಎರಡು ಕಪ್ಪು ನೇರ ಗೀರು ಇಟ್ಟ ಕೂಡಲೇ ಬಂಡೆ ಹೋಗಿ ಮನುಷ್ಯ ಬರುತ್ತಾನೆ. ಬೇರೆ ಯಾವ ವಿವರವೂ ಬೇಡ. ಉಬ್ಬು ಎರಡೂ ಕಡೆ ಸಮವಾಗಿ ಇಳಿದರೆ ಆಮೆ. ಒಂದು ತುದಿ ಚೂಪಾದರೆ ದೋಣಿ. ಎರಡೂ ತುದಿ ನೀರಿಗೆ ಮುಟ್ಟಿದರೆ ಬಂಡೆ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ಇಡೀ ಅರ್ಥ ಆಚೀಚೆ ಆಗುತ್ತದೆ ಅನ್ನುವುದು ಕಾಗದದ ಮೇಲೆ ಬರೆದು ನೋಡುವಾಗ ಗೊತ್ತಾಯಿತು. ಹಾಗಾಗಿ ಮೂರು ಗೊರಬುಗಳಿಗೆ ಮೂರು ಥರ ಮಾಡುವುದೆಂದು ನಿಶ್ಚಯಿಸಿದೆ: ಒಂದಕ್ಕೆ ಕಾಲು ಇದೆ. ಇನ್ನೊಂದಕ್ಕೆ ಕಾಲಿಲ್ಲ, ನೀರಿನಲ್ಲಿ ಕಾಲಿನ ಪ್ರತಿಬಿಂಬ ಮಾತ್ರ ಇದೆ. ಮೂರನೆಯದಕ್ಕೆ ಎರಡೂ ಇಲ್ಲ.

ಯಾವುದನ್ನು ಎಲ್ಲಿಡುವುದು ಎಂಬುದು ಹೆಚ್ಚು ತಲೆ ತಿಂದ ಪ್ರಶ್ನೆ. ಕಾಲಿರುವುದನ್ನು ಮುಂದೆ, ದೊಡ್ಡದಾಗಿ ಇಟ್ಟರೆ ಅದು ಕಣ್ಣಿಗೆ ಪಾಠ ಹೇಳಿಬಿಡುತ್ತದೆ. ‘ಓ, ನೆಟ್ಟಿ ಮಾಡುವ ಹೆಂಗಸರು’ ಅಂತ ಒಂದು ಸಲ ಹೊಳೆದರೆ ಹಿಂದಿನ ಎರಡೂ ಹೆಂಗಸರೇ. ಪ್ರಶ್ನೆ ಮುಗಿಯಿತು. ಅದಕ್ಕೆ ಕ್ರಮವನ್ನು ತಿರುಗಿಸಿದೆ. ಏನೂ ಇಲ್ಲದ್ದು ಎಡಗಡೆ ಮುಂದೆ, ಕ್ಯಾನ್ವಾಸಿನ ಮೂರನೇ ಒಂದು ಭಾಗ ತುಂಬುವಷ್ಟು ದೊಡ್ಡದು. ಪ್ರತಿಬಿಂಬದ್ದು ನಡುವೆ. ಕಾಲಿರುವುದು ಬಲ ಮೇಲ್ಮೂಲೆಯ ಹತ್ತಿರ, ಅಂಗೈಗಿಂತ ಚಿಕ್ಕದು, ಮಳೆಯ ಬಿಳುಪಿನಲ್ಲಿ ಅರ್ಧ ಮುಚ್ಚಿಹೋದದ್ದು. ನೋಡುವವರು ಮೊದಲು ಬಂಡೆ ಅಂದುಕೊಂಡು ಒಳಗೆ ಬರುತ್ತಾರೆ, ದೂರದಲ್ಲಿ ಒಬ್ಬ ಮನುಷ್ಯ ಕಾಣುತ್ತಾನೆ, ಆಗ ಕಣ್ಣು ಹಿಂದಕ್ಕೆ ಓಡಿ ಮುಂದಿನ ಬಂಡೆಯನ್ನು ಮತ್ತೆ ನೋಡುತ್ತದೆ. ಆ ಎರಡನೇ ನೋಟಕ್ಕಾಗಿಯೇ ಈ ಚಿತ್ರ. ಒಂದೇ ಏಟಿಗೆ ಕಾಣುವ ಚಿತ್ರಕ್ಕೂ, ಒಳಗೆ ಸುತ್ತಾಡಿಸಿ ಕಾಣಿಸುವ ಚಿತ್ರಕ್ಕೂ ಇರುವ ವ್ಯತ್ಯಾಸ ನನ್ನ ಪಾಲಿಗೆ ಇದೇ.

ಮುಖ ಎದ್ದಿತು

ಬಣ್ಣಗಳು ಐದು: ಅಲ್ಟ್ರಾಮರೀನ್ ನೀಲಿ, ರಾ ಅಂಬರ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಇಂಡಿಯನ್ ರೆಡ್, ಟೈಟಾನಿಯಂ ವೈಟ್. ಕಪ್ಪು ಟ್ಯೂಬ್ ಮುಟ್ಟಲಿಲ್ಲ. ಅಲ್ಟ್ರಾಮರೀನ್ ಜೊತೆ ಅಂಬರ್ ಸೇರಿದರೆ ಸಿಗುವ ಗಾಢ ಬಣ್ಣದಲ್ಲಿ ಒದ್ದೆ ಎಲೆಯ ಕಪ್ಪು ಇರುತ್ತದೆ, ಅದರೊಳಗೆ ನೀಲಿಯೂ ಮಣ್ಣೂ ಎರಡೂ ಉಳಿದಿರುತ್ತವೆ. ಮುಂದಿನ ಗೊರಬನ್ನು ಹಂದಿಕೂದಲಿನ ಅಗಲ ಬ್ರಶ್ಶಿನಲ್ಲಿ, ಬಣ್ಣ ದಪ್ಪಗೆ ಎತ್ತಿಕೊಂಡು, ಎಲೆ ಹೊದಿಸಿದ ದಿಕ್ಕಿನಲ್ಲೇ ಮೇಲಿನಿಂದ ಕೆಳಕ್ಕೆ ಎಳೆದೆ. ನಡುನಡುವೆ ಬಣ್ಣ ಕಲಸುವ ನೈಫಿನಿಂದ ಕೆರೆದು ಕೆಳಗಿನ ಕಂದನ್ನು ಹೊರಗೆ ಬಿಟ್ಟೆ. ಆ ಹಂತದಲ್ಲಿ ಬಣ್ಣ ಕೈಯಲ್ಲಿ ಹಾಡುತ್ತಿತ್ತು, ನಿಲ್ಲಿಸಲು ಮನಸ್ಸೇ ಬರಲಿಲ್ಲ.

ಮಾರನೆಯ ಬೆಳಿಗ್ಗೆ ನೋಡಿದರೆ ಗೊರಬಿನ ಬೆನ್ನ ಮೇಲೆ ಒಂದು ಮುಖ. ಕೆರೆದ ಎರಡು ಗುಳಿ ಕಣ್ಣು, ಕೆಳಗಿನ ಬಾಗಿದ ನೆರಳು ಬಾಯಿ. ಒಮ್ಮೆ ಕಂಡಮೇಲೆ ಬೇರೇನೂ ಕಾಣದು. ನಮ್ಮ ಮಿದುಳಿನ ಕೆಳಬದಿಯಲ್ಲಿ ಫ್ಯೂಸಿಫಾರ್ಮ್ ಎಂಬ ಮಡಿಕೆಯಿದೆ. ಮುಖ ಗುರುತಿಸುವಾಗ ಅದರ ಒಂದು ಭಾಗ ವಿಶೇಷವಾಗಿ ಚುರುಕಾಗುತ್ತದೆ, ಮುಖವನ್ನು ಹೋಲುವ ಕಲೆ ಕಂಡಾಗಲೂ ಸ್ಪಂದಿಸುತ್ತದೆ. ಮೇಲೆ ಎರಡು ಕಪ್ಪು, ಕೆಳಗೆ ಒಂದು ಕಪ್ಪು ಇದ್ದರೆ ಸಾಕು. ಹಲವು ಅರ್ಥಕ್ಕೆ ಜಾಗ ಬಿಡಬೇಕೆಂದಿರುವ ಚಿತ್ರಕ್ಕೆ ಇಂಥ ಆಕಸ್ಮಿಕ ಮುಖದಷ್ಟು ತೊಂದರೆ ಕೊಡುವುದು ಬೇರೊಂದಿಲ್ಲ. ‘ಇಲ್ನೋಡಿ, ಮುಖ!’ ಎಂದು ಕಂಡುಹಿಡಿದ ಖುಷಿಯಲ್ಲೇ ನೋಟ ಮುಗಿಯುತ್ತದೆ. ಮಳೆ, ನೀರು, ಬೆನ್ನಿನ ಭಾರ ಎಲ್ಲ ಹಿನ್ನೆಲೆಗೆ ಸರಿಯುತ್ತವೆ.

ಕ್ಯಾನ್ವಾಸನ್ನು ತಲೆಕೆಳಗು ಮಾಡಿ ಇಟ್ಟೆ. ತಲೆಕೆಳಗಾದ ಮುಖವನ್ನು ಗುರುತಿಸುವುದು ನಮಗೆ ಬಹಳ ಕಷ್ಟ. ಹಾಗಾಗಿ ಮುಖ ಮಾಯವಾಗಿ, ಬರೀ ಬಣ್ಣದ ಏರಿಳಿತ ಉಳಿಯಿತು, ಯಾವ ಕಲೆ ಏನು ಮಾಡುತ್ತಿದೆ ಎಂದು ಸಮಾಧಾನವಾಗಿ ನೋಡಲಾಯಿತು. ಮುಖವನ್ನು ಪೂರ್ತಿ ಮುಚ್ಚಿ ಬಳಿದರೆ ಆ ಜಾಗ ಸತ್ತುಹೋಗುತ್ತದೆ, ಅಲ್ಲೊಂದು ತೇಪೆ ಹಾಕಿದೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದಕ್ಕೆ ಎರಡು ಗುಳಿಗಳಲ್ಲಿ ಒಂದನ್ನು ಮಾತ್ರ ಹಿಡಿದು, ನೈಫಿನಿಂದ ಹೊರ ಅಂಚಿನವರೆಗೂ ಎಳೆದುಬಿಟ್ಟೆ. ಅದು ಗುಳಿಯಾಗಿದ್ದದ್ದು ಸೀಳಾಯಿತು, ಎಲೆ ಹರಿದ ಜಾಗದಂತೆ ಕಾಣತೊಡಗಿತು. ಜೋಡಿ ಮುರಿದ ಮೇಲೆ ಇನ್ನೊಂದು ಗುಳಿಗೆ ಕಣ್ಣಾಗುವ ಶಕ್ತಿ ಉಳಿಯಲಿಲ್ಲ.

ಬಾಯಿಯಾಗಿದ್ದ ನೆರಳಿನಲ್ಲಿ ಬಣ್ಣ ಮಿತಿಮೀರಿ ದಪ್ಪವಾಗಿತ್ತು. ಅಲ್ಲಿ ಟಾಂಕಿಂಗ್ ಮಾಡಿದೆ. ಹಸಿಬಣ್ಣದ ಮೇಲೆ ಪತ್ರಿಕೆಯ ಹಾಳೆ ಹಾಸಿ, ಅಂಗೈಯಲ್ಲಿ ಹಗುರಾಗಿ ಉಜ್ಜಿ, ಒಂದು ಮೂಲೆಯಿಂದ ನಿಧಾನವಾಗಿ ಸುಲಿದು ತೆಗೆಯುವುದು. ಮೇಲಿನ ಬಣ್ಣವನ್ನು ಕಾಗದ ಎತ್ತಿಕೊಂಡು ಹೋಗುತ್ತದೆ, ತೆಳುವಾದ, ಅಂಚು ಕರಗಿದ ಪದರ ಉಳಿಯುತ್ತದೆ. ಲಂಡನ್ನಿನ ಸ್ಲೇಡ್ ಕಲಾಶಾಲೆಯಲ್ಲಿ ಕಲಿಸುತ್ತಿದ್ದ ಹೆನ್ರಿ ಟಾಂಕ್ಸ್ ಹೆಸರಿನಿಂದ ಬಂದ ವಿಧಾನ. ಅವರು ಮೊದಲು ಶಸ್ತ್ರವೈದ್ಯರಾಗಿದ್ದವರು. ಮೊದಲ ಮಹಾಯುದ್ಧದಲ್ಲಿ ಮುಖಕ್ಕೆ ಗಾಯವಾದ ಸೈನಿಕರನ್ನು ಪೇಸ್ಟಲ್‌ನಲ್ಲಿ ಬರೆದವರು. ಮುಖ ಎಂದರೆ ಏನು, ಎಷ್ಟು ಉಳಿದರೆ ಅದು ಮುಖ ಎಂಬುದನ್ನು ಅಷ್ಟು ಹತ್ತಿರದಿಂದ ಕಂಡ ಕೈಯ ವಿಧಾನವೇ ಇಲ್ಲಿ ಒದಗಿತು ಎಂದು ಕೆಲಸ ಮಾಡುವಾಗ ಮತ್ತೆ ಮತ್ತೆ ಅನ್ನಿಸಿತು. ನಮ್ಮಲ್ಲಿ ಹೆಚ್ಚು ಜನ ಇದನ್ನು ಮಾಡುವುದನ್ನು ನಾನು ನೋಡಿಲ್ಲ. ಮಾಡಿ ನೋಡಿ, ಕೆರೆಯುವುದಕ್ಕಿಂತ ಮೃದು, ಒರೆಸುವುದಕ್ಕಿಂತ ಸಹಜ.

ತೋರಿಸಿದ್ದು

ಬಣ್ಣದ ಎರಡನೇ ಪದರ ಮುಗಿದ ಮೇಲೆ ಮನೆಗೆ ಬಂದವರಿಗೆಲ್ಲ ತೋರಿಸಲು ಶುರು ಮಾಡಿದೆ. ನಾನು ಏನೂ ಹೇಳುತ್ತಿರಲಿಲ್ಲ. ‘ಹೇಗಿದೆ’ ಅಂತ ಕೇಳಿದರೆ ‘ಚೆನ್ನಾಗಿದೆ’ ಅನ್ನುತ್ತಾರೆ, ‘ಇದೇನು’ ಅಂತ ಕೇಳಿದರೆ ಪರೀಕ್ಷೆಗೆ ಕೂತವರ ಹಾಗೆ ಗಾಬರಿಯಾಗುತ್ತಾರೆ. ಸುಮ್ಮನೆ ಕಾಫಿ ಕೊಟ್ಟು ಚಿತ್ರದ ಎದುರಿನ ಕುರ್ಚಿಯಲ್ಲಿ ಕೂರಿಸಿದರೆ ಸಾಕು, ಕಣ್ಣು ಎಲ್ಲಿ ಹೋಗುತ್ತದೆ ಎಂದು ನೋಡಬಹುದು.

ಆಚಾರಿ ನೋಡಿದ್ದು ದೋಣಿ. ‘ಮಗುಚಿ ಹಾಕಿದ್ದಾ? ಮಳೆಗಾಲ ಅಲ್ವಾ, ಎಳೆದು ಮೇಲೆ ಹಾಕಿರ್ತಾರೆ’ ಅಂದರು, ಮರದ ಕೆಲಸದವರ ಕಣ್ಣು. ಪಕ್ಕದ ಮನೆಯ ಹುಡುಗನಿಗೆ ಆಮೆಗಳು, ದೊಡ್ಡದು ಅಪ್ಪ, ನಡುವಿನದು ಅಮ್ಮ, ಚಿಕ್ಕದು ದೂರ ಓಡಿಹೋಗುತ್ತಿರುವ ಮರಿ. ಅವನ ಕಥೆಯಲ್ಲಿ ಅಳತೆ ವಯಸ್ಸಾಗಿತ್ತು, ನನ್ನ ಲೆಕ್ಕದಲ್ಲಿ ಅದು ದೂರ. ಎರಡಕ್ಕೂ ಚಿತ್ರದಲ್ಲಿ ಆಧಾರವಿದೆ, ಅದಕ್ಕೇ ಅವನನ್ನು ತಿದ್ದುವ ಅಗತ್ಯ ಕಾಣಲಿಲ್ಲ. ಗೆಳತಿಯೊಬ್ಬಳು ತುಂಬ ಹೊತ್ತು ಸುಮ್ಮನಿದ್ದು, ‘ಇವರು ಏಳೋದೇ ಇಲ್ವೇನೋ ಅನ್ನಿಸ್ತದೆ’ ಅಂದಳು. ಯಾರು, ಏನು ಎಂದು ಅವಳು ಹೇಳಲೂ ಇಲ್ಲ, ನಾನು ಕೇಳಲೂ ಇಲ್ಲ.

ಹಿಂದೆ ನಮ್ಮ ಗದ್ದೆಗೆ ನೆಟ್ಟಿಗೆ ಬರುತ್ತಿದ್ದ ಹಿರಿಯಕ್ಕ ಒಬ್ಬರು ಬಂದದ್ದು ಎಲ್ಲದಕ್ಕಿಂತ ಮುಖ್ಯವಾಯಿತು. ಅವರಿಗೆ ಗೊರಬು ಒಂದು ಕ್ಷಣವೂ ಬಂಡೆಯಾಗಿ ಕಾಣಲಿಲ್ಲ. ವರ್ಷಗಟ್ಟಲೆ ಅದನ್ನು ಹೊತ್ತ ಬೆನ್ನು ಅದು. ಅವರು ನೋಡಿದ್ದು ನೀರನ್ನು.

‘ಇಷ್ಟು ನೀರಲ್ಲಿ ಯಾರು ನೆಟ್ಟಿ ಮಾಡ್ತಾರೆ ಮಾರಾಯ್ತಿ? ಸಸಿ ತೇಲಿ ಹೋಗ್ತದೆ. ಇವ್ರು ನೆಡ್ತಾ ಇಲ್ಲ, ಎಂತದೋ ಹುಡುಕ್ತಾ ಇದಾರೆ.’

ನಾನು, ‘ಎಂತ ಹುಡುಕ್ತಿರಬಹುದು ಅಕ್ಕಾ?’ ಅಂದೆ.

‘ಅದು ನಂಗೆ ಹೆಂಗೆ ಗೊತ್ತಾಗ್ಬೇಕು? ಆದ್ರೆ ಆ ದೂರದವ್ಳಿಗೆ ಸಿಕ್ಕಿದೆ. ನೋಡು, ಅವ್ಳೊಬ್ಳೇ ಆಚೆ ತಿರುಗಿದಾಳೆ.’

ನೆಟ್ಟಿ ಮಾಡುವವರು ಹಿಂದಕ್ಕೆ ಹೆಜ್ಜೆ ಇಡುತ್ತ ಹೋಗುತ್ತಾರೆ, ನೆಟ್ಟ ಸಾಲು ಮುಂದೆ ಉಳಿಯುತ್ತದೆ. ಸಾಲಿನಲ್ಲಿ ಒಬ್ಬರು ಮಾತ್ರ ಬೇರೆ ಕಡೆ ತಿರುಗಿದ್ದರೆ ಅದು ಆ ಅಕ್ಕನ ಕಣ್ಣಿಗೆ ಹೊಡೆದಂತೆ ಕಾಣುತ್ತದೆ. ದೂರದ ಆಕೃತಿಯ ಕಾಲುಗಳನ್ನು ಸ್ವಲ್ಪ ಓರೆಯಾಗಿ ಇಟ್ಟದ್ದು ನಾನು, ಕಾಂಪೊಸಿಷನ್ ಬಲಕ್ಕೆ ಜಾರದಿರಲಿ ಎಂಬ ಕಾರಣಕ್ಕೆ. ಆ ಓರೆಯಿಂದ ಒಂದು ಕಥೆ ಹುಟ್ಟುವುದು ಆ ಕೆಲಸ ಗೊತ್ತಿರುವ ಕಣ್ಣಿಗೆ ಮಾತ್ರ ಸಾಧ್ಯ. ನೋಡುವವರು ಚಿತ್ರಕ್ಕೆ ಏನನ್ನಾದರೂ ತರುತ್ತಾರೆ ಅನ್ನುವುದು ಸುಲಭದ ಮಾತು. ಅವರು ತರುವುದು ಮನಸ್ಸಿನ ಲಹರಿಯಷ್ಟೇ ಅಲ್ಲ, ದುಡಿದ ಅನುಭವವನ್ನೂ ತರುತ್ತಾರೆ. ಅಂಥ ಓದಿನ ಎದುರು ಚಿತ್ರ ನಿಲ್ಲಬೇಕಾದರೆ ಅದರ ನೀರು, ಆಳ, ದಿಕ್ಕು ಪರೀಕ್ಷೆಗೆ ತಡೆಯುವಂತಿರಬೇಕು.

ಚಿತ್ರದಲ್ಲಿರುವುದು ಏನು ಎಂದು ಹೇಳುವವರು ಯಾರು ಎಂಬ ಪ್ರಶ್ನೆ 1878ರಲ್ಲಿ ಲಂಡನ್ನಿನ ಒಂದು ಕೋರ್ಟಿನಲ್ಲೂ ಎದ್ದಿತ್ತು. ವಿಮರ್ಶಕ ರಸ್ಕಿನ್ ಹಿಂದಿನ ವರ್ಷ ಚಿತ್ರಕಾರ ವಿಸ್ಲರ್‌ನ ಚಿತ್ರವನ್ನು ಜನರ ಮುಖಕ್ಕೆ ಎರಚಿದ ಬಣ್ಣ ಎಂದು ಬೈದು ಬರೆದದ್ದಕ್ಕೆ ವಿಸ್ಲರ್ ಮಾನನಷ್ಟದ ದಾವೆ ಹೂಡಿದ್ದ. ವಿಚಾರಣೆಯಲ್ಲಿ ಬ್ಯಾಟರ್‌ಸೀ ಸೇತುವೆಯ ರಾತ್ರಿಯನ್ನು ಬರೆದ ಅವನ ಇನ್ನೊಂದು ಚಿತ್ರವನ್ನು ತೋರಿಸಿ, ಸೇತುವೆಯ ಮೇಲಿರುವ ಆಕೃತಿಗಳು ಜನರೋ ಎಂದು ಕೇಳಿದರು. ನಿಮಗೆ ಏನು ಇಷ್ಟವೋ ಅದು ಅಂದ ವಿಸ್ಲರ್. ಅವನೇ ಗೆದ್ದ, ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಕಾಲು ಪೆನ್ನಿ. ಮರುವರ್ಷ ದಿವಾಳಿಯಾದ. ಆ ಉತ್ತರವನ್ನು ಚಿತ್ರಕಾರನ ಸ್ವಾತಂತ್ರ್ಯಕ್ಕೆ ಉದಾಹರಣೆಯಾಗಿ ಎಲ್ಲರೂ ಹೇಳುತ್ತಾರೆ. ಆದರೆ ಈಗ ಲಂಡನ್ನಿನ ಟೇಟ್ ಕಲಾಸಂಗ್ರಹದಲ್ಲಿರುವ ಆ ಚಿತ್ರವನ್ನು ಸರಿಯಾಗಿ ನೋಡಿ. ಸೇತುವೆಯ ಕಂಬ ಎಷ್ಟು ಖಚಿತವಾಗಿ ನಿಂತಿದೆ! ಇದ್ದದ್ದಕ್ಕಿಂತ ಎತ್ತರ ಮಾಡಿ ನಿಲ್ಲಿಸಿದ್ದಾನೆ, ಕೆಳಗೆ ನದಿ ಎಲ್ಲಿ ಮುಗಿದು ದಡ ಎಲ್ಲಿ ಶುರುವಾಗುತ್ತದೆ ಅನ್ನುವುದೂ ತಿಳಿಯುತ್ತದೆ. ಮೇಲೆ ನಾಲ್ಕು ಗೀರುಗಳನ್ನು ನೋಡುವವರ ಇಷ್ಟಕ್ಕೆ ಬಿಡುವ ಧೈರ್ಯ ಅವನಿಗೆ ಬಂದದ್ದು ಕೆಳಗಿನ ಕಂಬದಿಂದ ಎಂದು ನಾನು ನಂಬುತ್ತೇನೆ. ನನ್ನ ಚಿತ್ರದಲ್ಲಿ ಆ ಕಂಬದ ಕೆಲಸ ಮಾಡಬೇಕಾದದ್ದು ನೀರು.

ನೀರು, ಅಂಚು

ಅಕ್ಕನ ಮಾತಿನ ಮೇಲೆ ನೀರನ್ನು ಇಳಿಸಿ ನೆಟ್ಟಿಯ ಗದ್ದೆಯನ್ನಾಗಿ ಮಾಡಬಹುದಿತ್ತು. ಹಾಗೆ ಮಾಡಿದರೆ ಅದು ಕೃಷಿಯ ದಾಖಲೆ ಆಗುತ್ತದೆ, ಹುಡುಕಾಟ ಹೋಗುತ್ತದೆ. ನೀರನ್ನು ಹಾಗೇ ಇಟ್ಟುಕೊಂಡೆ, ಬದಲಿಗೆ ಬಲಗಡೆ ಇಟ್ಟಿದ್ದ ಸಸಿಯ ಹಸಿರು ಸೂಡಿಗಳನ್ನು (ಕಟ್ಟುಗಳನ್ನು) ತೆಗೆದೆ. ಚಿತ್ರದಲ್ಲಿ ಇದ್ದ ಏಕೈಕ ಹಸಿರು ಅದೇ, ನನಗೆ ಬಲು ಇಷ್ಟವಾಗಿತ್ತು. ಆದರೆ ಅದು ಹೆಸರು ಬರೆದ ಚೀಟಿಯ ಕೆಲಸ ಮಾಡುತ್ತಿತ್ತು. ಆಳದ ನೀರೂ ಸಸಿಯೂ ಒಟ್ಟಿಗಿದ್ದರೆ ಗೊತ್ತಿದ್ದವರಿಗೆ ತಪ್ಪಾಗಿ ಕಾಣುತ್ತದೆ, ಗೊತ್ತಿಲ್ಲದವರಿಗೆ ‘ಇದು ಗದ್ದೆ’ ಎಂದು ತೀರ್ಮಾನ ಕೊಡುತ್ತದೆ. ಕೆರೆದು, ಟಾಂಕಿಂಗ್ ಮಾಡಿ, ಮೇಲೆ ನೀರಿನ ಬೂದು ಎಳೆದೆ. ಹತ್ತಿರ ಹೋದರೆ ಆ ಹಸಿರಿನ ಸುಳಿವು ಬೂದು ಬಣ್ಣದ ಕೆಳಗೆ ಈಗಲೂ ಇದೆ.

ಅಂಚಿನ ಕೆಲಸ ಹೇಳಲೇಬೇಕು, ಯಾಕೆಂದರೆ ಅನುಮಾನ ವಾಸಿಸುವುದು ಅಲ್ಲೇ. ಮುಂದಿನ ಗೊರಬಿನ ಕೆಳ ಅಂಚಿನಲ್ಲಿ ಅದರ ಟೋನನ್ನೂ ನೀರಿನ ಟೋನನ್ನೂ ಹೆಚ್ಚುಕಡಿಮೆ ಒಂದೇ ಮಾಡಿದೆ. ಬಣ್ಣ ಬೇರೆ, ಒಂದು ಕಂದಿನ ಕಡೆಗೆ, ಇನ್ನೊಂದು ನೀಲಿಯ ಕಡೆಗೆ. ಆದರೆ ಕಪ್ಪು-ಬಿಳುಪಿನ ಲೆಕ್ಕದಲ್ಲಿ ಸಮ. ಮೊಬೈಲಿನಲ್ಲಿ ಫೋಟೋ ತೆಗೆದು ಬಣ್ಣ ತೆಗೆದುಹಾಕಿ ನೋಡಿದರೆ ಅಂಚು ಎಲ್ಲಿದೆ ಎಂದೇ ಗೊತ್ತಾಗಬಾರದು, ಅದು ಪರೀಕ್ಷೆ. ಹೀಗಾದಾಗ ಕಣ್ಣಿಗೆ ಬಣ್ಣದ ವ್ಯತ್ಯಾಸ ತಿಳಿಯುತ್ತದೆ, ಆಕಾರ ಮಾತ್ರ ಕೈಗೆ ಸಿಗುವುದಿಲ್ಲ. ವಸ್ತು ನೀರಿನಲ್ಲಿ ಮುಳುಗಿದೆಯೋ, ಮೇಲೆ ತೇಲುತ್ತಿದೆಯೋ, ಅದರ ಕೆಳಗೆ ಯಾರಾದರೂ ಬಗ್ಗಿದ್ದಾರೋ ಎಂಬ ಮೂರೂ ಸಾಧ್ಯತೆ ಅಲ್ಲಿ ತೆರೆದಿರುತ್ತವೆ. ಹಸಿಯಿದ್ದಾಗಲೇ ಮೃದುವಾದ ಒಣ ಬ್ರಶ್ಶನ್ನು ಮುಟ್ಟಿಯೂ ಮುಟ್ಟದಂತೆ ಅಡ್ಡಲಾಗಿ ಎಳೆದು ಇದನ್ನು ಮುಗಿಸಬೇಕು. ಒತ್ತಿದರೆ ಕೆಸರಾಗುತ್ತದೆ.

ಅದೇ ಗೊರಬಿನ ಮೇಲಂಚಿನಲ್ಲಿ ಒಂದು ಗೇಣಿಗಿಂತ ಕಡಿಮೆ ಉದ್ದದ ಭಾಗವನ್ನು ಮಾತ್ರ ಕತ್ತಿಯಂತೆ ಚೂಪು ಮಾಡಿದ್ದೇನೆ. ಟೈಟಾನಿಯಂ ವೈಟಿಗೆ ಚೂರೇ ಓಕರ್ ಸೇರಿಸಿ, ನೈಫಿನ ಬದಿಯಲ್ಲಿ ಎತ್ತಿಕೊಂಡು, ಗಾಢ ಬೆನ್ನಿಗೆ ತಾಗಿದಂತೆ ಒಂದೇ ಎಳೆತ. ಮೋಡ ಒಂದಿಷ್ಟು ಹರಿದು ನೀರಿಗೆ ಬಿದ್ದ ಬೆಳಕು ಆ ಎಳೆತದಿಂದ ಬಂತು. ಇಡೀ ಕ್ಯಾನ್ವಾಸಿನಲ್ಲಿ ಅಷ್ಟು ಖಚಿತವಾದ ಅಂಚು ಬೇರೊಂದಿಲ್ಲ. ಕಣ್ಣು ಮೊದಲು ಅಲ್ಲಿಗೆ ಹೋಗುತ್ತದೆ, ‘ಇಲ್ಲಿ ನಿಜವಾದ ಒಂದು ವಸ್ತು ಇದೆ’ ಎಂದು ನಂಬುತ್ತದೆ, ಆ ನಂಬಿಕೆಯನ್ನು ಹಿಡಿದುಕೊಂಡು ಕೆಳಗಿಳಿಯುವಾಗ ಅಂಚು ಕರಗುತ್ತದೆ. ಈ ಒಂದು ಎಳೆತವನ್ನು ಆಮೇಲೆ ಮುಟ್ಟಿಲ್ಲ.

ನಡುವಿನ ಗೊರಬಿನ ಪ್ರತಿಬಿಂಬದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾಲಿನ ಎರಡು ಗಾಢ ಗೀರುಗಳನ್ನು ನೀರಿನ ಅಡ್ಡ ಅಲೆಗಳು ಅಲ್ಲಲ್ಲಿ ತುಂಡರಿಸಿವೆ, ಮೇಲೆ ಅದಕ್ಕೆ ಹೊಂದುವ ಕಾಲು ಮಾತ್ರ ಇಲ್ಲ. ಬಹಳ ಜನ ಇದನ್ನು ಗಮನಿಸುವುದೇ ಇಲ್ಲ, ಆದರೂ ‘ನಡುವಿನದರಲ್ಲಿ ಏನೋ ಒಂಥರಾ ಇದೆ’ ಅನ್ನುತ್ತಾರೆ. ಅಷ್ಟು ಸಾಕು.

ಒಣಗಿಸುವುದು, ಹೆಸರು, ಗೋಡೆ

ಮಳೆಗಾಲದ ಕತ್ತಲೆ ಕೋಣೆಯಲ್ಲಿ ಒಣಗಿದ ಅಗಸೆ ಎಣ್ಣೆ ಹಳದಿಗೆ ತಿರುಗುತ್ತದೆ, ಬಿಳಿ ಬೂದು ಬಣ್ಣದ ಜಾಗಗಳಲ್ಲಿ ಅದು ಎದ್ದು ಕಾಣುತ್ತದೆ. ಹೆದರುವ ಅಗತ್ಯವಿಲ್ಲ. ಹಗಲು ಬೆಳಕು ಚೆನ್ನಾಗಿ ಬರುವ ಕಡೆ, ನೇರ ಬಿಸಿಲು ಬೀಳದಂತೆ ಇಟ್ಟರೆ ಈ ಹಳದಿ ಬಹುಪಾಲು ಹಿಂದೆ ಸರಿಯುತ್ತದೆ. ಹಿಂಬದಿಗೆ ಗಾಳಿಯಾಡಲು ಗೋಡೆಯಿಂದ ದೂರ ನಿಲ್ಲಿಸಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಅಂತಿಮ ವಾರ್ನಿಷ್ ಈಗಲೇ ಹಚ್ಚುವಂತಿಲ್ಲ, ತೆಳು ಜಾಗಗಳಿಗೇ ಆರು ತಿಂಗಳಿಂದ ಒಂದು ವರ್ಷ ಬೇಕು, ಮುಂದಿನ ಗೊರಬಿನ ದಪ್ಪ ಬಣ್ಣಕ್ಕೆ ಅದಕ್ಕಿಂತ ಹೆಚ್ಚು. ಸದ್ಯಕ್ಕೆ ಮಂಕಾದ ಜಾಗಗಳಿಗೆ ರಿಟಚಿಂಗ್ ವಾರ್ನಿಷ್ ತೆಳುವಾಗಿ ಕೊಟ್ಟಿದ್ದೇನೆ. ಮುಂದೆ ವಾರ್ನಿಷ್ ಹಚ್ಚುವಾಗಲೂ ಹೊಳೆಯುವಂಥದ್ದು ಬೇಡ. ಗಾಢ ಬಣ್ಣದ ಮೇಲೆ ಹೊಳಪು ಬಂದರೆ ನೋಡುವವರಿಗೆ ಅವರದೇ ನೆರಳು ಕಾಣುತ್ತದೆ.

ಹೆಸರಿನ ವಿಷಯದಲ್ಲಿ ನನ್ನ ತೀರ್ಮಾನ ಗಟ್ಟಿ. ‘ನೆಟ್ಟಿ’ ಅಂದರೆ ಚಿತ್ರ ಮುಗಿಯುತ್ತದೆ, ‘ಗೊರಬು’ ಅಂದರೂ ಅಷ್ಟೇ. ‘ಶೀರ್ಷಿಕೆಯಿಲ್ಲ’ ಎಂದು ಬರೆಯುವುದು ನನಗೆ ಹಿಡಿಸದು, ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ ಹಾಗೆ. ಚೀಟಿಯಲ್ಲಿ ‘ಆಷಾಢ’ ಎಂದು ಬರೆದಿದ್ದೇನೆ. ತಿಂಗಳು ಹ್ಯಾಗಿರುತ್ತದೆ ಎಂದು ನೋಡುವವರಿಗೆ ಗೊತ್ತು, ನೀರು ಯಾಕಿದೆ, ಬೆಳಕು ಯಾಕೆ ಹಾಗಿದೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ. ಆಕೃತಿಗಳ ಬಗ್ಗೆ ಏನೂ ಹೇಳುವುದಿಲ್ಲ.

ತೂಗುಹಾಕುವಾಗ ಚಿತ್ರದ ನಡುಭಾಗ ನಿಂತವರ ಕಣ್ಣಿಗಿಂತ ಒಂದು ಅಂಗೈ ಕೆಳಗೆ ಬರಲಿ, ಆಗ ನೀರನ್ನು ಮೇಲಿನಿಂದ ನೋಡಿದಂತಾಗುತ್ತದೆ. ಬೆಳಕು ಎಡಗಡೆಯಿಂದ ಬರಬೇಕು, ಚಿತ್ರದೊಳಗಿನ ಬೆಳಕೂ ಅದೇ ಕಡೆಯದು, ನೈಫಿನ ಎಳೆತದ ದಿಣ್ಣೆ ಆಗಲೇ ಸರಿಯಾಗಿ ಮಿನುಗುವುದು. ಎದುರಿಗೆ ಕನಿಷ್ಠ ಎಂಟು ಅಡಿ ಖಾಲಿ ಜಾಗ ಬಿಡಿ. ಅಷ್ಟು ದೂರದಿಂದ ಬಂಡೆ ಕಾಣುತ್ತದೆ, ಹತ್ತಿರ ಬಂದಂತೆ ಬಿದಿರಿನ ಹಂದರದ ಗೀರುಗಳು ಕಾಣತೊಡಗುತ್ತವೆ, ಮೂಗು ತಾಗುವಷ್ಟು ಹತ್ತಿರದಲ್ಲಿ ಬರೀ ಬಣ್ಣ.